ತಳ ಹಿಡಿದ ಕಡುಬು

ನಾನು ಹೊಟ್ಟೆಬಾಕಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಮುಂದೆ ಅಂಗಡಿ, ಹಿಂದೆ ಮನೆ. ಬ್ಲೌಸಿನ ಅಳತೆ ತೆಗೆಯುವಾಗ ಎದುರಿಗಿರುವ ಹೆಂಗಸಿನ ಮನೆಯಲ್ಲಿ ಇವತ್ತು ಬೆಳಗ್ಗೆ ಏನು ತಿಂಡಿ ಎಂದು ಕೇಳದೆ ಇರಲು ನನಗಾಗುವುದಿಲ್ಲ. ತೋಳಿನ ಅಳತೆ ಮರೆತರೂ ಮರೆತೇನು, ಹಲಸಿನಕಾಯಿ ಹುಳಿಗೆ ಯಾರ ಮನೆಯಲ್ಲಿ ಏನು ಹಾಕುತ್ತಾರೆಂದು ಮರೆಯುವವಳಲ್ಲ.

ಮೂರು ವರ್ಷದ ಹಿಂದೆ ಕಸೂತಿ ಹಾಕುವ ಜಪಾನಿ ಮಷೀನೊಂದನ್ನು ಕೊಂಡೆ. ಕೊಂಡವರಿಗೆ ಪುಣೆಯಲ್ಲಿ ಮೂರು ದಿನದ ತರಬೇತಿ ಇತ್ತು. ಮೊದಲ ದಿನ ಮಧ್ಯಾಹ್ನ ನಮಗೆ ಕಲಿಸುತ್ತಿದ್ದ ಮರಾಠಿ ಹೆಂಗಸು, ಮಷೀನು ಜಪಾನಿನದು, ಊಟವೂ ಅಲ್ಲಿನದೇ ಆಗಲಿ ಎಂದು ನಗುತ್ತ ನಾಲ್ಕು ಜನರನ್ನು ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದಳು. ಐದಾರು ಮೇಜು, ಗೋಡೆಗೆ ಕಾಗದದ ಬೀಸಣಿಗೆ. ನನಗೆ ಒಳಗೊಳಗೇ ಅಳುಕು. ಸಸ್ಯಾಹಾರಿ ಇದೆಯೋ ಇಲ್ಲವೋ ಎಂದು ಮೂರು ಸಲ ಕೇಳಿಸಿದೆ. ಅವಳು ಮೂರು ಸಲವೂ ಇದೆ ಅಂದಳು. ಆಮೇಲೆ ಒಂದು ಉದ್ದ ತಟ್ಟೆ ಬಂತು. ಅದರಲ್ಲಿ ಆರು ಕಡುಬು, ಒಂದಕ್ಕೊಂದು ಅಂಟಿಕೊಂಡು, ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದವು. ಆ ಹೊಟ್ಟೆ ಕೆಂಪಗೆ ಹುರಿದ ಬಣ್ಣದ್ದು. ಗ್ಯೋಜಾ ಅಂತ ಹೆಸರಂತೆ.

ಕಚ್ಚಿದೆ. ಹುರಿದ ತಳ ಕಟುಂ ಅಂದಿತು. ಉಳಿದದ್ದು ಮೆತ್ತಗೆ, ಹಬೆಯಲ್ಲಿ ಬೆಂದ ಕಡುಬಿನ ಹಾಗೆ. ನಡುವೆ ಎಲೆಕೋಸು, ಶುಂಠಿ, ಬಿಸಿ ರಸ. ಒಂದೇ ತುತ್ತಿನಲ್ಲಿ ಕರಿದದ್ದು, ಬೇಯಿಸಿದ್ದು ಎರಡೂ ಸಿಕ್ಕರೆ ನನ್ನಂಥವಳ ಗತಿ ಏನಾಗಬೇಕು? ಆರನ್ನೂ ನಾನೇ ತಿಂದೆ. ಹಂಚಿಕೊಳ್ಳಲು ತರಿಸಿದ್ದು ಎಂದು ಆಮೇಲೆ ಗೊತ್ತಾಯಿತು. ಉಳಿದ ಎರಡು ದಿನವೂ ಮಧ್ಯಾಹ್ನ ಅಲ್ಲಿಗೇ ಹೋದೆ. ಕಸೂತಿ ಎಷ್ಟು ಕಲಿತೆ ಎಂದು ಮಾತ್ರ ಯಾರೂ ಕೇಳಬೇಡಿ.

ಹೊಲಿಯುವವಳಾದ್ದರಿಂದ ಅದರ ನೆರಿಗೆಯೂ ನನ್ನ ಕಣ್ಣಿಗೆ ಬಿತ್ತು. ನಮ್ಮ ಮೋದಕಕ್ಕೆ ಸುತ್ತಲೂ ನೆರಿಗೆ ಹಿಡಿಯುತ್ತಾರೆ. ಇದಕ್ಕೆ ಒಂದೇ ಬದಿ. ಇನ್ನೊಂದು ಬದಿ ಚಪ್ಪಟೆ. ಒಂದು ಬದಿ ನೆರಿಗೆ ಹಿಡಿದರೆ ಬಟ್ಟೆ ತಾನಾಗಿ ಬಾಗುತ್ತದೆ, ಮಗುವಿನ ಅಂಗಿಯ ತೋಳಿಗೆ ನಾನು ದಿನಾ ಮಾಡುವ ಕೆಲಸವೇ ಅದು. ಹಿಟ್ಟಿನಲ್ಲೂ ಹಾಗೇ ಬಾಗಿಸಿ, ಚಪ್ಪಟೆ ತಳ ಬರುವಂತೆ ಕೂರಿಸಿದ್ದರು. ತಳ ಹಂಚಿಗೆ ಪೂರ್ತಿ ತಾಗಬೇಕಲ್ಲ, ಅದಕ್ಕೆ.

ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಹಿಡಿದದ್ದು ಆ ತಳದ ರುಚಿ. ಅದು ನನಗೆ ಹೊಸದಾಗಿರಲಿಲ್ಲ. ಏಳೆಂಟು ವರ್ಷದವಳಿದ್ದಾಗ ತಿಂದದ್ದು. ಕೊಟ್ಟವನು ನನ್ನ ಸೋದರಮಾವ.

ಮಾವ ಅಡುಗೆಯವನು. ಸಿದ್ದಾಪುರದ ಕಡೆ ಹಳ್ಳಿಯಲ್ಲಿ ಮನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಮದುವೆ, ಮುಂಜಿ, ತಿಥಿ ಅಂದರೆ ಮೊದಲು ಅವನಿಗೆ ಹೇಳಿಕಳಿಸುತ್ತಿದ್ದರು. ಅರಬೈಲಿನ ಕಡೆಯ ಒಂದು ಮನೆಯವರು ಮಾವನ ಬಿಡುವು ನೋಡಿ ಮದುವೆಯ ದಿನ ಇಟ್ಟುಕೊಂಡಿದ್ದರಂತೆ. ಇದು ಅವನೇ ಹೇಳಿದ್ದಾದ್ದರಿಂದ ಅರ್ಧ ನಂಬಿದರೆ ಸಾಕು. ರಜೆಯಲ್ಲಿ ಅಮ್ಮನ ಜೊತೆ ಇಂಥ ಮನೆಗಳಿಗೆ ಹೋದಾಗ ನಾನು ಚಪ್ಪರದಲ್ಲಿ ಇರುತ್ತಿರಲಿಲ್ಲ, ಹಿತ್ತಿಲಿನ ಒಲೆಯ ಹತ್ತಿರ ಸುಳಿಯುತ್ತಿದ್ದೆ. ಬಾಳೆಹಣ್ಣಿನ ಕೇಸರಿಯನ್ನು ಕೊಪ್ಪರಿಗೆಯಿಂದ ತೆಗೆದು ಬಡಿಸಲು ಕಳಿಸಿದ ಮೇಲೆ ತಳದಲ್ಲಿ ತೆಳ್ಳಗೆ ಒಂದು ಪದರ ಉಳಿದಿರುತ್ತಿತ್ತು. ತುಪ್ಪ, ಸಕ್ಕರೆ, ರವೆ ಮೂರೂ ಕೂಡಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದದ್ದು. ಮಾವ ಅದನ್ನು ಸಟ್ಟುಗದಿಂದ ಎಬ್ಬಿಸಿ ಬಾಳೆಲೆ ತುಂಡಿನಲ್ಲಿ ಹಾಕಿ ನನಗೆ ಕೊಡುತ್ತಿದ್ದ.

"ತಗಳೇ ಕೂಸೆ, ತಳದ್ದು ನಿಂಗೆ. ಯಾರಿಗೂ ಹೇಳಡ," ಎನ್ನುತ್ತಿದ್ದ.

ನಾನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಪಾಲು ಕೊಡಬೇಕಾಗುತ್ತಿತ್ತು. ಚಪ್ಪರದಲ್ಲಿ ಕೂತವರಿಗೆಲ್ಲ ಮೆತ್ತನೆಯ ಕೇಸರಿ, ನನಗೊಬ್ಬಳಿಗೆ ಮಾತ್ರ ಆ ಗರಿಗರಿ. ಆ ಮೂರು ತಾಲೂಕಿನಲ್ಲಿ ನನ್ನಷ್ಟು ಪ್ರೀತಿ ಕಂಡ ಸೋದರಸೊಸೆ ಇನ್ನೊಬ್ಬಳಿಲ್ಲ ಎಂದೇ ತಿಳಿದಿದ್ದೆ. ಈಗಲೂ ಹಾಗೇ ತಿಳಿದಿದ್ದೇನೆ.

ಇಂಥ ಮಾವ ಅಡುಗೆ ಬಿಟ್ಟ. ಬಿಡಿಸಿದ್ದೂ ತಳವೇ.

ಪುಣೆಗೆ ನಾನು ಹೋಗುವ ಒಂದು ವರ್ಷ ಮೊದಲು ಹುಲಗೋಳದಲ್ಲಿ ನೆಂಟರ ಮನೆಯ ಮುಂಜಿ, ಅಡುಗೆ ಮಾವನದು. ನಾನೂ ಹೋಗಿದ್ದೆ. ಊಟಕ್ಕೆ ಕೂತಿದ್ದೇವೆ, ಹಿತ್ತಿಲಿನಿಂದ ಹಾಲು ಸೀದ ವಾಸನೆ ಬಂತು. ಹಾಲು ಪಾಯಸ. ತಳ ಹಿಡಿದಿತ್ತು. ಅಡುಗೆ ಮಾಡುವವರಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು, ಹುಳಿ ಹೆಚ್ಚಾದರೆ ಬೆಲ್ಲ ಹಾಕಬಹುದು. ತಳ ಹಿಡಿದ ಹಾಲು ಎಲ್ಲರ ಮೂಗಿಗೂ ತಾನೇ ಹೋಗಿ ಸುದ್ದಿ ಹೇಳುತ್ತದೆ. ಪಾಯಸ ಬಡಿಸಿದರು. ಎಲ್ಲರೂ ಮರ್ಯಾದೆಗೆ ತಿಂದರು. ಆಗ ನನ್ನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು, "ಭಟ್ರು ಇವತ್ತು ತಳದಿಂದ ಬಡಿಸಿದ್ದ," ಅಂದರು. ಸಾಲು ಪೂರ್ತಿ ನಕ್ಕಿತು. ಅವರ ಎಲೆಗೆ ಕೈ ತೊಳೆದುಬಿಡೋಣ ಅನ್ನಿಸುವಷ್ಟು ಸಿಟ್ಟು ಬಂತು ನನಗೆ. ಬಾಯಿ ಮುಚ್ಚಿಕೊಂಡು ಕೂತೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಬೇಜಾರಿದೆ.

ಅಡುಗೆಯವರು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಅವತ್ತು ಮಾವ ಒಬ್ಬನೇ ಒಂದು ಮೂಲೆಯಲ್ಲಿ ಎಲೆ ಹಾಕಿಕೊಂಡು ಕೂತ. ಅನ್ನ ಇಲ್ಲ, ಹುಳಿ ಇಲ್ಲ, ಎಲೆಯ ತುಂಬ ಅದೇ ಪಾಯಸ. ತಲೆ ಎತ್ತದೆ ಪೂರ್ತಿ ಉಂಡ. ನಾನು ಹತ್ತಿರ ಹೋಗಿ ನಿಂತರೆ, "ನೀನು ಹೋಗು ತಂಗಿ," ಅಂದ.

ಹದಿನೈದು ದಿನದಲ್ಲಿ ಅವನಿಗೆ 'ತಳದ ಭಟ್ರು' ಎಂದು ಹೆಸರು ಬಿತ್ತು. ನಮ್ಮ ಕಡೆಯವರು ಹೆಸರಿಡುವುದರಲ್ಲಿ ಗಟ್ಟಿಗರು. ಯಾರಿಗೂ ದ್ವೇಷ ಇರಲಿಲ್ಲ, ತಮಾಷೆಗೆ ಅಂದದ್ದು. ಮಾವ ಒಪ್ಪಿಕೊಂಡಿದ್ದ ಎರಡು ಕೆಲಸಗಳನ್ನು ಬೇರೆಯವರಿಗೆ ವಹಿಸಿದ. ಮತ್ತಿಘಟ್ಟದವರು ಮನೆಗೇ ಬಂದು ಕರೆದರೆ ಕಣ್ಣು ಮಂಜು ಅಂದ. ಕಣ್ಣು ಮಂಜಾಗಿದ್ದದ್ದು ಹೌದು, ಆದರೆ ಅದು ನೆಪ. ಮನೆಯಲ್ಲಿ ಚಹಾ ಕಾಸುವುದನ್ನೂ ಬಿಟ್ಟ. ಒಲೆಯ ಮೇಲೆ ಹಾಲಿದ್ದರೆ ಎದ್ದು ಜಗಲಿಗೆ ಹೋಗಿ ಕೂರುತ್ತಾನೆ ಎಂದು ಮಾವನ ಹೆಂಡತಿ, ನನ್ನ ಅತ್ತೆ, ಫೋನಿನಲ್ಲಿ ಹೇಳಿ ಅತ್ತಿದ್ದಳು. ನಲವತ್ತು ವರ್ಷ ಒಲೆಯ ಎದುರು ನಿಂತ ಮನುಷ್ಯ ಹೀಗೆ ಖಾಲಿ ಕೈಯಲ್ಲಿ ಕೂತರೆ ಅವನು ಏನಾದಾನು? ನನಗೆ ಅದೇ ಚಿಂತೆ. ಅವನು ಮತ್ತೆ ಒಂದು ಸಲ, ಒಂದೇ ಒಂದು ಸಲ, ಒಲೆ ಹಚ್ಚಿದ್ದನ್ನು ನೋಡಬೇಕು ಎಂದು ನಾನು ಮೂರು ವರ್ಷ ಹರಕೆ ಹೊತ್ತವಳಂತೆ ಕಾದೆ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸಲು ಅವನು ಶಿರಸಿಗೆ ಬಂದ. ಡಾಕ್ಟರಿಗೆ ಮತ್ತೆ ಮತ್ತೆ ತೋರಿಸಬೇಕಿತ್ತು, ಅದಕ್ಕೆ ಒಂದು ತಿಂಗಳು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಹತ್ತಿರ ಕುರ್ಚಿಯಲ್ಲಿ ಕೂರುತ್ತಿದ್ದ. ಬಗ್ಗುವ ಹಾಗಿಲ್ಲ, ಹೊಗೆಗೆ ಹೋಗುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಕೇಳಿ ಮಾವನ ಮುಖದಲ್ಲಿ ಕಂಡ ಸಮಾಧಾನ ನನಗೆ ಸೇರಲಿಲ್ಲ.

ಆ ಹೊತ್ತಿಗೆ ನನ್ನ ಗ್ಯೋಜಾ ಪ್ರಯೋಗ ನಡೆದೇ ಇತ್ತು. ಪುಣೆಯಿಂದ ಬಂದಾಗಿನಿಂದ ತಿಂಗಳಿಗೆರಡು ಸಲ ಮಾಡುತ್ತಿದ್ದೆ, ಸೋಲುತ್ತಿದ್ದೆ. ಮೊದಲ ಸಲ ಹಾಳೆ ದಪ್ಪ. ಎರಡನೆಯ ಸಲ ಎಲೆಕೋಸು ನೀರು ಬಿಟ್ಟು ಎಲ್ಲ ಒಡೆಯಿತು. ಎಣ್ಣೆಯಲ್ಲಿ ಇಟ್ಟು ನಡುವೆ ನೀರು ಹಾಕಿ ಮುಚ್ಚಬೇಕು, ನೀರು ಇಂಗಿದ ಮೇಲೆ ಮತ್ತೆ ಎಣ್ಣೆಯಲ್ಲಿ ಹುರಿಯಬೇಕು. ಬಿಸಿ ಎಣ್ಣೆಗೆ ನೀರು ಹಾಕುವುದು ನೋಡಿ ಪಕ್ಕದ ಮನೆಯಾಕೆ ಕಿರುಚಿಕೊಂಡು ಹೊರಗೋಡಿದ್ದಳು. ನನ್ನ ಮನೆಯವರು ಮಾತ್ರ ಎಲ್ಲವನ್ನೂ ಚೊಲೋ ಇದ್ದು, ಚೊಲೋ ಇದ್ದು ಎಂದು ತಿನ್ನುತ್ತಿದ್ದರು. ಅವರು ನಾನು ಹೊಲಿದ ಸೋಫಾ ಕವರನ್ನೂ ಹಾಗೇ ಹೊಗಳುವವರು, ಅವರ ಮಾತಿಗೆ ಬೆಲೆ ಇಲ್ಲ.

ಮಾವ ಬಂದ ವಾರದಲ್ಲಿ ಮತ್ತೆ ಮಾಡಿದೆ. ಮಾವ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಅವೆರಡೂ ಬಿಟ್ಟೆ. ಶುಂಠಿ ಜಾಸ್ತಿ ಹಾಕಿದೆ.

"ಎಂತದೇ ಅದು?" ಬಾಗಿಲಿನಿಂದ ಮಾವ ಕೇಳಿದ.

"ಗ್ಯೋಜಾ, ಮಾವ."

"ಗೊಜ್ಜಾ? ಎಂತ ಗೊಜ್ಜು? ಅನಾನಸ್ಸಿಂದಾ?"

"ಗೊಜ್ಜಲ್ಲ, ಗ್ಯೋಜಾ. ಜಪಾನಿಂದು."

"ಜಪಾನಿನವೂ ಗೊಜ್ಜು ಮಾಡ್ತ್ವಾ! ತಾ ನೋಡನ."

ತಟ್ಟೆ ಕೈಗೆ ಕೊಟ್ಟೆ. ಕಪ್ಪು ಕನ್ನಡಕದಲ್ಲೇ ಬಗ್ಗದೆ ತಟ್ಟೆಯನ್ನು ಮೂಗಿನವರೆಗೆ ಎತ್ತಿ ಮೂಸಿ, ಬೆರಳಿನಿಂದ ಒತ್ತಿ ನೋಡಿದ. "ಗೊಜ್ಜು ಹೇಳಿ ಕಡುಬು ಕೊಡ್ತ್ಯಲೇ," ಅಂದ. ಒಂದು ತಿಂದ. ನಾನು ಕಾದೆ.

"ಬೆಂದಿದ್ದು," ಅಂದ.

ಮಾವನ ಬಾಯಲ್ಲಿ 'ಬೆಂದಿದ್ದು' ಅಂದರೆ ಪಾಸಾಗಲು ಬೇಕಾದ್ದಕ್ಕಿಂತ ಒಂದು ಅಂಕ ಕಡಿಮೆ. ಚೆನ್ನಾಗಿಲ್ಲ ಎಂದು ಅವನು ಯಾರಿಗೂ ಹೇಳುವುದಿಲ್ಲ. ಜೊತೆಗೆ ಕೊಟ್ಟಿದ್ದ ಸೋಯಾ ಸಾಸನ್ನು ಮೂಸಿ, ಬೆಲ್ಲ ಸೀದ ವಾಸನೆ ಎಂದು ಬದಿಗಿಟ್ಟ. ಆಮೇಲೆ ಸುಮ್ಮನೆ ಕೂರಲಾಗಲಿಲ್ಲ ಅವನಿಗೆ. ಉಪ್ಪುನೀರಲ್ಲಿ ಹಾಕಿಟ್ಟ ಅಪ್ಪೆಮಿಡಿ ಮನೆಯಲ್ಲಿದೆಯಾ ಎಂದು ಕೇಳಿದ. ಇದೆ ಅಂದೆ. ಎರಡು ಮಿಡಿ, ಒಂದು ಜೀರಿಗೆ ಮೆಣಸು, ಚೂರು ಬೆಲ್ಲ, ಹುರಿದ ಎಳ್ಳು ರುಬ್ಬು ಎಂದ. ರುಬ್ಬಿದೆ. ಗ್ಯೋಜಾವನ್ನು ಅದರಲ್ಲಿ ಅದ್ದಿ ತಿಂದರೆ ಪುಣೆಯ ಹೋಟೆಲಿನವರು ಬಂದು ನಮ್ಮ ಮನೆಯ ಎದುರು ಸಾಲು ನಿಲ್ಲಬೇಕು, ಹಾಗಿತ್ತು.

"ಈಗ ಸರಿ ಆತು. ಗ್ಯೋಜಕ್ಕೆ ಗೊಜ್ಜು," ಎಂದು ತಾನೇ ನಕ್ಕ. ಮೂರು ವರ್ಷದಲ್ಲಿ ಅಡುಗೆಯ ವಿಷಯಕ್ಕೆ ಅವನು ನಕ್ಕದ್ದು ಅದೇ ಮೊದಲು.

ಮುಂದಿನ ಸಲ ಅವನಿಗೆ ಕೈಕೆಲಸ ಕೊಟ್ಟೆ. "ಒಲೆ ಹತ್ರ ಬತ್ನಿಲ್ಲೆ," ಎಂದು ಮೊದಲೇ ಕರಾರು ಹಾಕಿದ. ಎಲೆಕೋಸಿಗೆ ಉಪ್ಪು ಹಾಕಿ ಹಿಂಡಿಸಿದ, ನನ್ನಿಂದಲೇ. ಸಾಕೆಂದರೂ ಬಿಡದೆ ಮತ್ತೆ ಹಿಂಡಿಸಿದ. ಹಿಟ್ಟನ್ನು ಬಿಸಿನೀರಲ್ಲಿ ಕಲಸಿಸಿ ಒದ್ದೆ ಬಟ್ಟೆ ಮುಚ್ಚಿಸಿದ. ನಾನು ಲಟ್ಟಿಸಿ ಕೊಟ್ಟ ಹಾಳೆಗಳನ್ನು ತೊಡೆಯ ಮೇಲಿನ ತಟ್ಟೆಯಲ್ಲಿಟ್ಟುಕೊಂಡು, ಒಂದೇ ಬದಿಯ ನೆರಿಗೆ ಹೇಗೆಂದು ನನ್ನ ಕೈ ಮುಟ್ಟಿ ತಿಳಿದುಕೊಂಡ. ಮೂರನೆಯದಕ್ಕೇ ಬಂತು. ಇಪ್ಪತ್ತು ವರ್ಷ ನೆರಿಗೆ ಹಿಡಿದ ನನ್ನದು ಬದನೆಕಾಯಿಯ ಹಾಗೆ, ಮುಟ್ಟಿ ನೋಡಿ ಮಾಡಿದವನದು ಅಚ್ಚಿನಲ್ಲಿ ತೆಗೆದ ಹಾಗೆ. ಅಂಗಡಿಗೆ ಬಾ, ಸೀರೆಗೆ ಕುಚ್ಚು ಕಟ್ಟುವೆಯಂತೆ ಅಂದೆ. ಸಂಬಳ ಎಷ್ಟು ಎಂದು ಕೇಳಿದ.

ಅವತ್ತು ಒಲೆಯ ಹತ್ತಿರ ನನ್ನದೇ ಬಾಯಿ ನನಗೆ ಕೈಕೊಟ್ಟಿತು. ಬಾಣಲೆಯಲ್ಲಿ ಇಟ್ಟಿದ್ದೆ, ಆದರೆ ಸುಮ್ಮನೆ ಬಿಡಲು ಆಗದೆ ಒಂದೊಂದನ್ನೂ ಅಲುಗಿಸುತ್ತಿದ್ದೆ. ಹುಟ್ಟಿದಾಗಿನಿಂದ ಕೇಳಿದ ಪಾಠ, ತಿರುವುತ್ತಿರಬೇಕು, ಬಿಟ್ಟರೆ ಹಿಡಿಯುತ್ತದೆ. ನಮ್ಮ ಕಡೆಯ ಯಾವ ಹೆಂಗಸಿಗೂ ಸಟ್ಟುಗ ಕೈಯಲ್ಲಿಟ್ಟುಕೊಂಡು ಸುಮ್ಮನೆ ನಿಲ್ಲಲು ಬರುವುದಿಲ್ಲ.

"ಎಂತಕ್ಕೆ ಕೆದಕ್ತ್ಯೇ? ಶಬ್ದ ಕೇಳ್ತಾ ಇದ್ದು," ಮಾವ ಬಾಗಿಲಿನಿಂದ ಗದರಿದ.

"ಬಿಟ್ರೆ ತಳ ಹಿಡಿತು, ಮಾವ!"

ಹೇಳಿ ಮುಗಿಯುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. ಮೂರು ವರ್ಷದಲ್ಲಿ ಅವನ ಎದುರು ಮನೆಯ ಯಾರೂ ಆ ಎರಡು ಶಬ್ದ ಕೂಡಿಸಿ ಹೇಳಿರಲಿಲ್ಲ. ಮಾವನ ಕೈಯಲ್ಲಿದ್ದ ಹಾಳೆ ಹಾಗೇ ಉಳಿಯಿತು. ಮಾತು ತೇಲಿಸಲು ಹೋಗಿ ನಾನು ಇನ್ನಷ್ಟು ಕೆಡಿಸಿದೆ.

"ಅಲ್ಲ, ಇದಕ್ಕೆ ತಳ ಹಿಡಿಯವು, ಹಿಡಿಯಲೇ ಬೇಕು, ಮಾವ. ಹಿಡಿಯದ್ದೇ ಹೋದ್ರೆ ಇದು ಗ್ಯೋಜಾನೇ ಅಲ್ಲ. ಬರೀ ಕಡುಬು."

"ಹಿಡಿಯವಾ?"

"ಹೌದು. ಅದೇ ಅದರ ರುಚಿ."

"ತಳ ಹಿಡಿಸ ಅಡುಗೆ ಎಲ್ಲಾದ್ರೂ ಇದ್ದಾ," ಅಂದ ಮಾವ, ಮೆಲ್ಲಗೆ, ಯಾರನ್ನೂ ಕೇಳದವನ ಹಾಗೆ. ತಟ್ಟೆಯನ್ನು ಬದಿಗಿಟ್ಟು, ಕೈ ತೊಳೆದು, ಕೋಣೆಗೆ ಹೋಗಿ ಮಲಗಿದ. ಆ ಸಲದ ಗ್ಯೋಜಾ ಹೇಗಾಗಿತ್ತೆಂದು ನನಗೆ ನೆನಪಿಲ್ಲ. ನನ್ನ ಮನೆಯವರು ಚೊಲೋ ಇದ್ದು ಅಂದರು.

ಎರಡು ದಿನ ನಾನು ನನ್ನನ್ನೇ ಬೈದುಕೊಂಡೆ. ಮೂರನೆಯ ದಿನ ಮಾವನ ಮೇಲೂ ಸಿಟ್ಟು ಬಂತು. ಒಂದು ಪಾಯಸಕ್ಕೆ ಇಷ್ಟೆಲ್ಲವೇ? ನಾನು ಎಷ್ಟು ಜನರ ಬ್ಲೌಸು ಕೆಡಿಸಿಲ್ಲ? ಒಬ್ಬ ಮದುಮಗಳ ಎರಡೂ ತೋಳು ಎಡಗೈಗೇ ಹೊಲಿದಿದ್ದೆ. ಅವಳಮ್ಮ ಅಂಗಡಿಯಲ್ಲೇ ಕೂತು ಬೈದಳು, ನಾನು ಬಿಚ್ಚಿ ಮತ್ತೆ ಹೊಲಿದೆ, ಈಗ ಅವಳ ಮಗಳ ಲಂಗವನ್ನೂ ನಾನೇ ಹೊಲಿಯುತ್ತೇನೆ. ಹೀಗೆಲ್ಲ ಮನಸ್ಸಿನಲ್ಲಿ ಅಂದುಕೊಂಡೆನೇ ಹೊರತು ಬಾಯಿ ಬಿಟ್ಟು ಹೇಳಲಿಲ್ಲ. ಬಟ್ಟೆಯನ್ನು ಬಿಚ್ಚಬಹುದು, ಪಾಯಸವನ್ನು ಬಿಚ್ಚಲಾಗುವುದಿಲ್ಲ ಎಂದು ಅವನು ಅಂದುಬಿಡುತ್ತಾನೆಂದು ಗೊತ್ತಿತ್ತು.

ತಿಂಗಳ ಕೊನೆಗೆ ಡಾಕ್ಟರು ನೋಡಿ, ಕಣ್ಣು ಚೆನ್ನಾಗಿದೆ, ಇನ್ನು ಎಲ್ಲ ಕೆಲಸ ಮಾಡಬಹುದು ಅಂದರು. ಮಾವ ಕಪ್ಪು ಕನ್ನಡಕ ತೆಗೆದ. ಮರುದಿನ ಮಧ್ಯಾಹ್ನದ ಬಸ್ಸಿಗೆ ಸಿದ್ದಾಪುರಕ್ಕೆ ಹೊರಡುವುದೆಂದಾಯಿತು. ಹೊರಡುವ ದಿನ ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರನ್ನೂ ಊಟಕ್ಕೆ ಹೇಳಿದೆ. ಗ್ಯೋಜಾ ಮಾಡುವುದೆಂದು ನಾನೇ ಹಟ ಮಾಡಿದೆ. ಮಾವ ಬೇಡವೆನ್ನಲಿಲ್ಲ, ನೆರಿಗೆ ಹಿಡಿದು ಕೊಟ್ಟ. ನಲವತ್ತು ಕಡುಬು ಸಾಲಾಗಿ ಕೂತವು.

ದೊಡ್ಡ ಬಾಣಲೆಯಲ್ಲಿ ಮೊದಲ ಸಾಲು ಇಟ್ಟೆ. ಎಣ್ಣೆ, ಆಮೇಲೆ ನೀರು, ಆಮೇಲೆ ಮುಚ್ಚಳ. ಸರಿಯಾಗಿ ಅದೇ ಹೊತ್ತಿಗೆ ಅಂಗಡಿಯಿಂದ ಕೂಗು ಬಂತು. ಬನವಾಸಿ ಕಡೆಯ ಗಿರಾಕಿ. ಮರುದಿನ ಅವರ ಮಗಳ ನಿಶ್ಚಿತಾರ್ಥ.

"ಅಕ್ಕಾರ, ಒಂದೀಟು ಹೊರಗ ಬರ್ರಿ! ಬ್ಲೌಸು ಬಿಗಿ ಆಗೇತ್ರಿ, ಕೈನ ಏರವಲ್ದು. ಈಗಿಂದೀಗ ಬಿಚ್ಚಿ ಕೊಡ್ರಿ, ನಮ್ಮ ಬಸ್ಸು ಬಿಡಾಕ ಬಂದೇತಿ!"

ನನ್ನ ಇಬ್ಬರು ಹೆಂಗಸರು ಆಗಲೇ ಕೈ ತೊಳೆದು ತಟ್ಟೆ ಇಟ್ಟುಕೊಂಡು ಕೂತಿದ್ದರು. ಆ ಬ್ಲೌಸು ನಾನೇ ಹೊಲಿದದ್ದು, ಎಲ್ಲಿ ಬಿಚ್ಚಬೇಕೆಂದು ನನಗೇ ಗೊತ್ತು. ನಾನು ಓಡಿದೆ. ಓಡುತ್ತ, ಯೋಚನೆಯೇ ಇಲ್ಲದೆ, ಮಾವಾ ಒಲೆ ನೋಡ್ಕ ಎಂದು ಕೂಗಿದೆ.

ಮದುಮಗಳನ್ನು ನಿಲ್ಲಿಸಿ ಬಗಲಿನ ಹೊಲಿಗೆ ಬಿಚ್ಚುವಾಗ ನಾನು ಕೂಗಿದ್ದು ಏನೆಂದು ನನಗೇ ಹೊಳೆಯಿತು. ಅವನು ಎದ್ದು ಜಗಲಿಗೆ ಹೋಗಿರುತ್ತಾನೆ. ಬಾಣಲೆ ಉರಿಯ ಮೇಲೆ ಒಂಟಿ ಬಿದ್ದಿರುತ್ತದೆ. ಕಣ್ಣು ಸರಿಯಾದ ಮರುದಿನವೇ, ನನ್ನ ಮನೆಯಲ್ಲೇ, ಅವನ ಎದುರೇ ಮತ್ತೆ ಒಂದು ಸೀಯುತ್ತದೆ. ಅಷ್ಟು ಬೇಗ ನಾನು ಯಾವತ್ತೂ ಹೊಲಿಗೆ ಹಾಕಿಲ್ಲ. ಆ ತಾಯಿ ಏನೋ ಹೇಳುತ್ತಿದ್ದರು, ಹೌದ್ರಿ ಹೌದ್ರಿ ಎಂದು ಬ್ಲೌಸು ಕೈಗಿಟ್ಟು ಒಳಗೆ ಓಡಿದೆ.

ಮಾವ ಒಲೆಯ ಎದುರು ನಿಂತಿದ್ದ.

ಪಂಚೆ ಎತ್ತಿ ಕಟ್ಟಿದ್ದ. ಸಟ್ಟುಗ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಮುಚ್ಚಳ ತೆಗೆದಿತ್ತು, ನೀರು ಇಂಗಿತ್ತು, ಸುತ್ತ ಎಣ್ಣೆ ಸಣ್ಣಗೆ ಚುರುಗುಟ್ಟುತ್ತಿತ್ತು. ಸೀದ ವಾಸನೆಯ ಹಿಂದಿನ ವಾಸನೆ ಒಂದಿರುತ್ತದಲ್ಲ, ಅದು ಅಡುಗೆಮನೆ ತುಂಬಿತ್ತು. ನನಗೆ ತಡೆಯಲಾಗಲಿಲ್ಲ. ಸಟ್ಟುಗ ಕಸಿಯಲು ಕೈ ಚಾಚಿದೆ.

"ಮುಟ್ಟಡ!" ಅಂದ.

ಚಪ್ಪರದ ಹಿತ್ತಿಲಿನಲ್ಲಿ ಐವತ್ತು ಜನರನ್ನು ನಿಲ್ಲಿಸುತ್ತಿದ್ದ ಧ್ವನಿ ಅದು. ನಾನೂ ನಿಂತೆ, ಊಟಕ್ಕೆ ಕೂತಿದ್ದ ಹೆಂಗಸರೂ ಮಾತು ನಿಲ್ಲಿಸಿದರು. ಅವನ ಹಣೆಯಲ್ಲಿ ಬೆವರು. ಉರಿ ಸಣ್ಣದು ಮಾಡಿದ. ಕತ್ತು ವಾರೆ ಮಾಡಿ ಕಿವಿಗೊಟ್ಟ. ಮುಟ್ಟದೆ ನಿಲ್ಲುವುದು ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಬೆನ್ನ ಹಿಂದಿನ ಆ ಕೈ ನೋಡಿದರೆ ತಿಳಿಯುತ್ತಿತ್ತು. ಚುರುಗುಟ್ಟುವುದು ನಿಧಾನಕ್ಕೆ ಕಡಿಮೆಯಾಯಿತು. ಮಾವ ಬಾಣಲೆಯ ಹಿಡಿ ಹಿಡಿದು ಒಮ್ಮೆ ಮೆಲ್ಲಗೆ ಅಲುಗಿಸಿದ. ಇಡೀ ಸಾಲು ಒಟ್ಟಿಗೇ ಜಾರಿತು.

"ಬಿಡ್ತು ನೋಡು," ಅಂದ. "ತಾನೇ ಬಿಡ್ತು."

ಸಟ್ಟುಗ ಬೇಕಾಗಲೇ ಇಲ್ಲ. ತಟ್ಟೆ ಕವುಚಿಟ್ಟು ಬಾಣಲೆ ಮಗುಚಿದ. ಹದಿನಾಲ್ಕು ಹೊಟ್ಟೆಗಳೂ ಒಂದೇ ಬಣ್ಣ. ಪುಣೆಯದಕ್ಕಿಂತ ಚೆನ್ನಾಗಿದ್ದವು. ಇದು ನಾನು ಪ್ರೀತಿಗೆ ಹೇಳುವ ಮಾತಲ್ಲ, ತಿಂದವಳು ಹೇಳುವ ಮಾತು. ಉಳಿದ ಎರಡು ಸಾಲನ್ನೂ ಅವನೇ ಮಾಡಿದ. ನನ್ನನ್ನು ಒಲೆಯ ಹತ್ತಿರಕ್ಕೆ ಬಿಡಲಿಲ್ಲ.

ಹೆಂಗಸರು ತಿಂದು ಅಂಗಡಿಗೆ ಹೋದ ಮೇಲೆ ನಾವಿಬ್ಬರೇ ಕೂತೆವು. ಅಡುಗೆ ಮಾಡಿದವನು ಕೊನೆಗೆ ತಾನೇ ಉಣ್ಣುವುದು. ಮಾವ ಒಂದನ್ನು ಗೊಜ್ಜಿನಲ್ಲಿ ಅದ್ದಿ ಬಾಯಿಗಿಟ್ಟ. ಕಟುಂ ಅಂದಿತು. ಅಗಿದು ನುಂಗಿ ಹೇಳಿದ.

"ಅವತ್ತು ಆನು ಕೆರೆದೆ, ತಂಗಿ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹುಲಗೋಳದಲ್ಲಿ. ಉರಿ ಎಷ್ಟಿದ್ದು ಹೇಳಿ ಕಣ್ಣಿಗೆ ಸರಿ ಕಂಡಿದ್ದಿಲ್ಲೆ. ಆದ್ರೆ ವಾಸನೆ ಬಂದಿತ್ತು. ತಳ ಹಿಡಿದ್ರೆ ಮುಟ್ಲಾಗ, ಮೇಲಿಂದು ಬೇರೆ ಪಾತ್ರೆಗೆ ಸುರಿಯವು. ಎಲ್ರಿಗೂ ಅದನ್ನೇ ಕಲ್ಸಿದ್ದೆ. ಸುರಿದಿದ್ರೆ ಯಾರಿಗೂ ಗೊತ್ತೇ ಆಗ್ತಿತ್ತಿಲ್ಲೆ. ಯಂಗೆ ಹೆದರಿಕೆ ಆತು. ಸಟ್ಟುಗ ಹಾಕಿ ಕೆರೆದೆ. ಪೂರಾ ಕೊಪ್ಪರಿಗೆಗೆ ಆನೇ ಕಲಸಿದೆ."

ಜನ ಅಂದ ಮಾತಿಗೆ ಅವನು ಒಲೆ ಬಿಟ್ಟ ಎಂದು ನಾವೆಲ್ಲ ತಿಳಿದಿದ್ದೆವು. ತಾನು ಕಲಿಸಿದ್ದನ್ನು ತಾನೇ ಮರೆತೆ ಎಂಬುದು ಅವನನ್ನು ಮೂರು ವರ್ಷ ತಿಂದಿತ್ತು. ನನಗೆ ಅಳು ಬಂತು. ಹೊಟ್ಟೆಬಾಕಿಗೆ ಅಳು ಬಂದರೂ ಬಾಯಿ ಖಾಲಿ ಇರುವುದಿಲ್ಲ, ಅಗಿಯುತ್ತಲೇ ಅತ್ತೆ.

"ಶಿ, ಗೊಜ್ಜು ಖಾರ ಆತಾ?" ಅಂದ ಮಾವ. ಹೌದು ಅಂದೆ.

ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬಂದೆ. ಹೋಗುವಾಗ ಅವನು ಇನ್ನು ಒಲೆ ಹಚ್ಚುತ್ತೇನೆ ಎಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ಊಟಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಂಬುವಷ್ಟು ಪೆದ್ದಿ ನಾನಲ್ಲ. ಒಂದು ವಾರ ಸುದ್ದಿ ಇಲ್ಲ. ಅಂಗಡಿಯಲ್ಲಿ ಮದುವೆ ಸೀರೆಗಳ ರಾಶಿ, ನಾನು ಫೋನು ಮಾಡಲೂ ಇಲ್ಲ.

ಎಂಟನೆಯ ದಿನ ಅತ್ತೆಯೇ ಮಾಡಿದಳು. ಸೀರೆಯ ಅಂಚಿಗೆ ಪೀಕೋ ಹಾಕುತ್ತಿದ್ದವಳು ಮಷೀನು ನಿಲ್ಲಿಸಿ ಫೋನು ಎತ್ತಿದೆ.

"ನಿನ್ ಮಾವಂಗೆ ಎಂತ ತಿನ್ಸಿ ಕಳ್ಸಿದ್ಯೇ?" ಅಂದಳು. ಧ್ವನಿಯಲ್ಲಿ ನಗುವೋ ಅಳುವೋ ತಿಳಿಯಲಿಲ್ಲ. "ಇವತ್ತು ಬೆಳಗಾಗ ಹಾಲು ಕೇಳಿದ. ಎಂತಕ್ಕೆ ಹೇಳಿ ಕೇಳಿದ್ರೆ ಉತ್ತರವೇ ಇಲ್ಲೆ. ಪಾಯಸ ಮಾಡಿದ."

"ತಳ ಹಿಡಿತಾ?" ಎಂದು ಕೇಳಿದೆ.

"ಹಿಡಿತು. ಆನೇ ವಾಸನೆ ನೋಡಿ ಓಡಿ ಬಂದೆ. ಅವ ಗಡಬಿಡಿ ಮಾಡಿದ್ದೇ ಇಲ್ಲೆ. ಮೇಲಿಂದು ಮೆಲ್ಲಗೆ ಬೇರೆ ಪಾತ್ರೆಗೆ ಸುರಿದು ಯಂಗೆ ಬಡಿಸಿದ. ಚೊಲೋ ಇತ್ತು, ಒಂಚೂರೂ ವಾಸನೆ ಇಲ್ಲೆ."

"ಈಗ ಎಲ್ಲಿದ್ದ?"

"ಅಡುಗೆಮನೆಲೇ ಕೂತಿದ್ದ. ಸಟ್ಟುಗ ತಗಂಡು ಪಾತ್ರೆ ಕೆರೀತಾ ಇದ್ದ, ಕೇಳ್ತಾ ನಿಂಗೆ?"

ಕೇಳಿಸಿತು. ಪಾತ್ರೆಯ ತಳಕ್ಕೆ ಸಟ್ಟುಗ ತಾಗುವ ಶಬ್ದ, ನಿಧಾನಕ್ಕೆ, ಅವಸರವಿಲ್ಲದ್ದು. ಅದರ ಹಿಂದೆಯೇ ದೂರದಿಂದ ಮಾವನ ಧ್ವನಿ.

"ಕೂಸಿಗೆ ಹೇಳು, ತಳದ್ದು ತೆಗೆದಿಟ್ಟಿದ್ದೆ ಹೇಳಿ. ಸಂಜೆ ಬಸ್ಸಿಗೆ ಬರ್ಲಿ."